ಮಾಂತ್ರಿಕ ಕೈಗವಸು: ಹಳೇ ನಿಯಮವೋ, ಹೊಸದೋ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸಿ ಆಡುವ ಆಟದಲ್ಲಿ ತೋಳ್ಬಲ ಹೆಚ್ಚಿಸುವ ಓಗರ್ (ದೈತ್ಯ ರಾಕ್ಷಸ) ಕೈಗವಸನ್ನೇ ತಗೊಳ್ಳಿ. 2003ರ 3.5 ಆವೃತ್ತಿಯಲ್ಲಿ ಅದರ ಬೆಲೆ 4,000 ಚಿನ್ನದ ನಾಣ್ಯ. ನೀವೇ ಮಾಡಿಕೊಂಡರೆ ಅರ್ಧ ಖರ್ಚು, ನಾಲ್ಕು ದಿನ. ಜೊತೆಗೆ ಬೆಲೆಯ 25ರಲ್ಲಿ ಒಂದು ಭಾಗ, ಅಂದರೆ 160 ಎಕ್ಸ್‌ಪಿ (ಆಡಿ ಗಳಿಸಿದ ಅನುಭವದ ಅಂಕ), ನಿಮ್ಮ ಪಾತ್ರದ ಖಾತೆಯಿಂದ ಖೋತಾ. ಲೆಕ್ಕ ಚೊಕ್ಕ, ಆದರೆ ಪ್ರಾಣ ಪಣಕ್ಕಿಟ್ಟು ಗಳಿಸಿದ್ದು ಹೀಗೆ ಕರಗಿದರೆ ಹೊಟ್ಟೆ ಉರಿಯುತ್ತೆ.

ಐದನೇ ಆವೃತ್ತಿಗೆ 2017ರಲ್ಲಿ ಸೇರಿದ ನಿಯಮದಲ್ಲಿ ಅದೇ ಕೈಗವಸು ಮಾಡಿಕೊಳ್ಳೋಕೆ 200 ನಾಣ್ಯ, ಎರಡು ವಾರ. ಎಕ್ಸ್‌ಪಿ ಮುಟ್ಟೋದಿಲ್ಲ. ಆದರೆ ತಯಾರಿಕೆಯ ಸೂತ್ರ ಕೈಲಿರಬೇಕು, ಅಪರೂಪದ ಸಾಮಗ್ರಿಯೊಂದನ್ನು ಯಾವುದೋ ದೈತ್ಯನನ್ನು ಎದುರಿಸಿಯೇ ತರಬೇಕು. ಡಿಎಂಗೆ, ಅಂದರೆ ಆಟ ನಡೆಸುವವರಿಗೆ, ಪುಕ್ಕಟೆ ಕಥೆ!

ಲೆಕ್ಕದ ಹುಚ್ಚಿರುವ ಗುಂಪಿಗೆ ಹಳೆಯದೇ ಸರಿ. ನನ್ನ ಓಟು ಹೊಸದಕ್ಕೆ, ವಾರಗಟ್ಟಲೆ ಬಿಡುವು ಕೊಡುವ ಡಿಎಂ ಸಿಕ್ಕರೆ.