ಒಬ್ಬರ ಮಗ್ ಕೇಕ್: ಇಡೀ ಮೊಟ್ಟೆಯೋ, ಬಿಳಿಯೋ, ಹಳದಿಯೋ, ಮೊಸರೋ?

ಒಬ್ಬರಿಗೆ ಸಾಕಾಗುವಷ್ಟು ಸ್ಪಾಂಜ್ ಕೇಕನ್ನು ಮೈಕ್ರೋವೇವ್‌ನಲ್ಲಿ ಒಂದೇ ನಿಮಿಷಕ್ಕೆ ಬೇಯಿಸಬಹುದು ಎನ್ನುವುದು ನಿಜ. ಬೆಂದದ್ದು ಕೇಕ್ ಆಗಿರುತ್ತದೆ ಎನ್ನುವುದು ಮಾತ್ರ ಎಲ್ಲ ಸಲವೂ ನಿಜವಲ್ಲ. ಮಗ್‌ನ ಅಂಚಿನವರೆಗೆ ಚೆಂದವಾಗಿ ಉಬ್ಬಿ ನಿಂತದ್ದಕ್ಕೆ ಚಮಚ ಹಾಕಿದರೆ ರಬ್ಬರಿನಂತೆ ಜಗ್ಗುತ್ತದೆ, ಆಮ್ಲೆಟ್ಟಿನ ವಾಸನೆ ಮೂಗಿಗೆ ಬಡಿಯುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಅಂಚು ಒಣಗಿ ಗಟ್ಟಿಯಾಗುತ್ತದೆ. ಇದರ ಮೇಲೆ ಎಣ್ಣೆ, ಸಕ್ಕರೆ ಕಡಿಮೆ ಮಾಡಲು ಹೊರಟರಂತೂ ಕೇಕ್ ಪೂರ್ತಿ ಮುನಿಸಿಕೊಳ್ಳುತ್ತದೆ. ಹಾಗಾಗಿ ಮಗ್ ಮತ್ತು ಒಲೆಯನ್ನು ಬದಲಿಸದೆ, ಒಳಗೆ ಹಾಕುವುದನ್ನು ಬದಲಿಸುತ್ತ ನೋಡಿದೆ. ಕ್ಯಾಲೊರಿಯೂ ಕಡಿಮೆಯಿರಬೇಕು, ತಿನ್ನಲು ಮೆತ್ತಗೂ ಇರಬೇಕು ಎಂಬ ಎರಡು ಷರತ್ತುಗಳು.

ಬಳಸಿದ್ದು 350 ಮಿಲಿ ಹಿಡಿಯುವ, ನೇರ ಗೋಡೆಯ ಪಿಂಗಾಣಿ ಮಗ್ ಮತ್ತು 800 ವಾಟ್‌ನ ಮೈಕ್ರೋವೇವ್. ಬೇರೆ ಹೇಳದಿದ್ದ ಕಡೆ 30 ಗ್ರಾಂ ಮೈದಾ (ತಲೆ ತಟ್ಟಿದ ನಾಲ್ಕು ದೊಡ್ಡ ಚಮಚ), 15 ಗ್ರಾಂ ಸಕ್ಕರೆ, ಕಾಲು ಸಣ್ಣ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ದೊಡ್ಡ ಚಮಚವೆಂದರೆ 15 ಮಿಲಿ, ಸಣ್ಣದೆಂದರೆ 5 ಮಿಲಿ. ಇಷ್ಟು ಸಣ್ಣ ಕೇಕ್‌ನಲ್ಲಿ ಹತ್ತು ಗ್ರಾಂ ಆಚೀಚೆಯಾದರೆ ಫಲಿತಾಂಶವೇ ಬೇರೆ. ಮನೆಯಲ್ಲಿ ತೂಕದ ಯಂತ್ರವಿದ್ದರೆ ಅದನ್ನೇ ನಂಬಿ.

ಮೊದಲು ಎಲ್ಲರಿಗೂ ಗೊತ್ತಿರುವ ಬಗೆ: ಒಂದು ಇಡೀ ಮೊಟ್ಟೆ, ಒಂದು ದೊಡ್ಡ ಚಮಚ ಎಣ್ಣೆ, ಎರಡು ಚಮಚ ಹಾಲು, ಸಕ್ಕರೆಯೂ ಧಾರಾಳ. ಎಲ್ಲವನ್ನೂ ಮಗ್‌ಗೆ ಸುರಿದು, ಫೋರ್ಕ್‌ನಿಂದ ಕಲಸಿ, ಒಳಗಿಟ್ಟರೆ ಮುಗಿಯಿತು. ಸುಮಾರು 400 ಕ್ಯಾಲೊರಿ, ಅದರಲ್ಲಿ 120 ಆ ಒಂದು ಚಮಚ ಎಣ್ಣೆಯದೇ. ಬಿಸಿಬಿಸಿಯಾಗಿದ್ದಾಗ ಎಣ್ಣೆಯ ಕೃಪೆಯಿಂದ ತಿನ್ನಬಹುದು. ಆರಿದ ಮೇಲೆ ಮೊಟ್ಟೆ ತನ್ನ ಗುಣ ತೋರಿಸುತ್ತದೆ. ಇದೇ ಕೇಕ್‌ನಿಂದ ಎಣ್ಣೆಯನ್ನು ತೆಗೆದು "ಡಯಟ್" ಎಂದು ಹೆಸರಿಟ್ಟರೆ ಸಿಗುವುದು ಸಿಹಿ ಆಮ್ಲೆಟ್.

ಯಾಕೆ ಹೀಗೆ ಎಂದು ಲೆಕ್ಕ ಹಾಕಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸಿಪ್ಪೆ ತೆಗೆದ ದೊಡ್ಡ ಮೊಟ್ಟೆ ಸುಮಾರು 50 ಗ್ರಾಂ. 30 ಗ್ರಾಂ ಹಿಟ್ಟಿಗೆ 50 ಗ್ರಾಂ ಮೊಟ್ಟೆ ಎಂದರೆ ಅದು ಫ್ರೆಂಚರ ಜಿನ್ವಾಸ್ ಸ್ಪಾಂಜ್‌ನ ಅನುಪಾತ; ಅಲ್ಲಿಯೂ ನಾಲ್ಕು ಮೊಟ್ಟೆಗೆ 120 ಗ್ರಾಂ ಮೈದಾ ಹಾಕುವುದು ರೂಢಿ. ಆದರೆ ಜಿನ್ವಾಸ್‌ನಲ್ಲಿ ಮೊಟ್ಟೆ ಮತ್ತು ಸಕ್ಕರೆಯನ್ನು ಮೂರು ಪಟ್ಟು ಹಿಗ್ಗುವವರೆಗೆ ಕಡೆಯುತ್ತಾರೆ. ನಾವು ಅಷ್ಟೇ ಮೊಟ್ಟೆ ಹಾಕಿ, ಫೋರ್ಕ್‌ನಲ್ಲಿ ನಾಲ್ಕು ಸುತ್ತು ತಿರುಗಿಸಿ ಬಿಡುತ್ತೇವೆ. ಗಾಳಿ ಸೇರದ ಮೊಟ್ಟೆ ಬೆಂದರೆ ಮೊಟ್ಟೆಯೇ ಆಗುತ್ತದೆ, ಬೇರೇನು ಆದೀತು? ಇನ್ನು ಮೈಕ್ರೋವೇವ್‌ನ ಸ್ವಭಾವವೂ ಮೊಟ್ಟೆಗೆ ಅನುಕೂಲವಲ್ಲ. 2.45 ಗಿಗಾಹರ್ಟ್ಸ್‌ನ ಅಲೆಗಳು ಹಿಟ್ಟಿನೊಳಕ್ಕೆ ಕೆಲವು ಸೆಂಟಿಮೀಟರ್ ಇಳಿದು, ಅಲ್ಲಿನ ನೀರಿನ ಅಣುಗಳನ್ನು ನೇರವಾಗಿ ಬಿಸಿ ಮಾಡುತ್ತವೆ. ಮೊಟ್ಟೆಯ ಬಿಳಿ 60 ಡಿಗ್ರಿ ದಾಟುತ್ತಿದ್ದಂತೆ ಹೆಪ್ಪುಗಟ್ಟಲು ಶುರುವಾಗಿ, ಕೆಲವೇ ಸೆಕೆಂಡುಗಳಲ್ಲಿ ಅತಿಯಾಗಿ ಬೆಂದು, ಹಿಡಿದಿಟ್ಟುಕೊಂಡಿದ್ದ ನೀರನ್ನು ಹಿಂಡಿ ಹೊರಹಾಕುತ್ತದೆ. ಮಗ್‌ನ ತಳದಲ್ಲಿ ಕಾಣುವ ತೇವ ಬಹುಪಾಲು ಈ ನೀರೇ.

ಹಾಗಾದರೆ ದಾರಿ ಎರಡು. ಅಷ್ಟು ಮೊಟ್ಟೆ ಬೇಕೆಂದರೆ ಅದನ್ನು ಸರಿಯಾಗಿ ಕಡೆಯಬೇಕು. ಕಡೆಯಲು ಬೇಸರವೆಂದರೆ ಮೊಟ್ಟೆ ಕಡಿಮೆ ಮಾಡಬೇಕು.

ಕಡೆದು ನೋಡಿದೆ. ಮೊಟ್ಟೆಯನ್ನು ಒಡೆಯುವ ಮೊದಲು ಐದು ನಿಮಿಷ ಬಿಸಿನೀರಿನಲ್ಲಿಟ್ಟರೆ ನೊರೆ ಬೇಗ ಏಳುತ್ತದೆ. ಸಕ್ಕರೆ ಸೇರಿಸಿ, ವಿದ್ಯುತ್ ಬೀಟರ್‌ನಿಂದ ಬಣ್ಣ ಬಿಳಿಚಿ, ಮೇಲೆತ್ತಿ ಬಿಟ್ಟ ಎಳೆ ಒಂದೆರಡು ಸೆಕೆಂಡು ಮೇಲೆಯೇ ನಿಲ್ಲುವಷ್ಟು ಕಡೆದೆ. ಮೈದಾವನ್ನು 20 ಗ್ರಾಂಗೆ ಇಳಿಸಿ, ಜರಡಿ ಹಿಡಿದು, ನೊರೆ ಕೂರದಂತೆ ಹಗುರವಾಗಿ ಮಗುಚಿದೆ. ಎಣ್ಣೆಯಿಲ್ಲ, ಹಾಲಿಲ್ಲ. ಸುಮಾರು 205 ಕ್ಯಾಲೊರಿ. ಮಗ್‌ನೊಳಗೆ ಅದು ಏರುವುದನ್ನು ನೋಡುವುದೇ ಒಂದು ಸಂಭ್ರಮ. ಹೊರತೆಗೆದ ಮೇಲೆ ತುಸು ಕುಸಿಯುತ್ತದೆ, ಗಾಬರಿ ಬೇಡ. ಕೊಯ್ದರೆ ದೊಡ್ಡ ದೊಡ್ಡ ರಂಧ್ರಗಳ, ಬೆರಳಿಟ್ಟರೆ ಒತ್ತಿಕೊಂಡು ಮತ್ತೆ ಏಳುವ ನಿಜವಾದ ಸ್ಪಾಂಜ್. ಮೊಟ್ಟೆಯ ವಾಸನೆ ಅರ್ಧಕ್ಕರ್ಧ ಕಡಿಮೆ. ಎಣ್ಣೆಯೂ ಹಾಲೂ ಇಲ್ಲದ್ದರಿಂದ ಒಣಗಲು ಆತುರ ಜಾಸ್ತಿ. ಹಣ್ಣಿನ ರಸವನ್ನೋ ಹಾಲನ್ನೋ ಮೇಲೆ ಚಿಮುಕಿಸಿದರೆ ಸರಿಹೋಗುತ್ತದೆ. ಇದರ ವಿರುದ್ಧ ನನಗಿರುವ ದೂರು ಒಂದೇ: ಬೀಟರ್ ತೊಳೆಯಬೇಕು, ಬಟ್ಟಲು ತೊಳೆಯಬೇಕು, ಜರಡಿ ತೊಳೆಯಬೇಕು. ಒಂದು ಮಗ್ ಕೇಕಿಗೆ ಇದು ಮೂಗಿಗಿಂತ ಮೂಗುತಿ ಭಾರ.

ಗಾಳಿಯೇ ಸ್ಪಾಂಜ್‌ನ ಪ್ರಾಣ ಎನ್ನುವುದನ್ನು ಕೊನೆಯ ಮೆಟ್ಟಿಲಿಗೆ ಒಯ್ದದ್ದು ಸ್ಪೇನಿನ ಎಲ್ ಬುಯಿ ರೆಸ್ಟೋರೆಂಟ್. ಅಲ್ಲಿ ಹಿಟ್ಟನ್ನು ಸೈಫನ್ ಬಾಟಲಿಗೆ ತುಂಬಿ, ಅನಿಲದ ಒತ್ತಡದಿಂದ ನೊರೆಯಾಗಿ ಲೋಟಕ್ಕೆ ಚಿಮ್ಮಿಸಿ, ಮೈಕ್ರೋವೇವ್‌ನಲ್ಲಿ ಒಂದು ನಿಮಿಷದೊಳಗೆ ಬೇಯಿಸುತ್ತಿದ್ದರು. ಕೆನೆ ಕಡೆಯುವ ಸೈಫನ್ ಮನೆಯಲ್ಲಿದ್ದವರು ಪ್ರಯತ್ನಿಸಬಹುದು. ನನ್ನಲ್ಲಿಲ್ಲ, ಅದಕ್ಕೋಸ್ಕರ ಕೊಳ್ಳುವ ಉದ್ದೇಶವೂ ಇಲ್ಲ.

ಎರಡನೆಯ ದಾರಿಗೆ ಬರೋಣ, ಮೊಟ್ಟೆ ಕಡಿಮೆ ಮಾಡುವುದು. ತೂಕ ಇಳಿಸುವವರೆಲ್ಲ ಮೊದಲು ಎತ್ತಿ ಎಸೆಯುವುದು ಹಳದಿಯನ್ನು. ನಾನೂ ಬಿಳಿ ಮಾತ್ರ ಹಾಕಿ ಮಾಡಿದೆ: ಒಂದು ಮೊಟ್ಟೆಯ ಬಿಳಿ, ಎರಡು ದೊಡ್ಡ ಚಮಚ ಹಾಲು. ಸುಮಾರು 205 ಕ್ಯಾಲೊರಿ, ಕಾಗದದ ಮೇಲೆ ಎಷ್ಟು ಚೆನ್ನ! ಚಮಚ ಹಾಕಿದರೆ ಕೇಕ್ ಒಡೆಯುವುದಿಲ್ಲ, ಚಮಚದ ಜೊತೆ ಇಡಿಯಾಗಿ ಏಳುತ್ತದೆ. ಅಗಿದರೆ ಹಲ್ಲಿನ ಕೆಳಗೆ ಕಿರುಗುಡುತ್ತದೆ. ಬಿಳಿಯಲ್ಲಿ ಶೇಕಡ 90ರಷ್ಟು ನೀರು, ಉಳಿದದ್ದು ಬಹುತೇಕ ಪ್ರೋಟೀನ್. ಮೆದುವಾಗಿಸುವ ಕೊಬ್ಬು ಒಂದು ಹನಿಯೂ ಇಲ್ಲ. ಮೈಕ್ರೋವೇವ್‌ನ ಧಾವಂತದ ಬಿಸಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ.

ಉಳಿದಿದ್ದ ಹಳದಿಯನ್ನು ಹಾಳು ಮಾಡಬಾರದೆಂದು ಅದರಲ್ಲೂ ಒಂದು ಕೇಕ್ ಮಾಡಿದೆ. ಒಂದು ಹಳದಿ, ಮೂರು ದೊಡ್ಡ ಚಮಚ ಹಾಲು, ಎಣ್ಣೆ ಸೊನ್ನೆ. ಗೆದ್ದದ್ದು ಇದು. ಚಮಚ ಇಳಿದ ಕಡೆ ಎಳೆಎಳೆಯಾಗದೆ ಪುಡಿಪುಡಿಯಾಗಿ ಬಿಡಿಸಿಕೊಳ್ಳುತ್ತದೆ, ಬಣ್ಣ ಬೆಣ್ಣೆ ಹಾಕಿದ ಕೇಕಿನದು, ವಾಸನೆ ಹಾಲಿನದು. ಒಂದು ಹಳದಿಯಲ್ಲಿ ಸುಮಾರು ನಾಲ್ಕೂವರೆ ಗ್ರಾಂ ಕೊಬ್ಬು ಇರುತ್ತದೆ, ಅಂದರೆ ಒಂದು ಸಣ್ಣ ಚಮಚ ಎಣ್ಣೆಯಷ್ಟು. ಜೊತೆಗೆ ಲೆಸಿಥಿನ್ ಇದೆ; ಅದು ಈ ಕೊಬ್ಬನ್ನು ಹಾಲಿನೊಂದಿಗೆ ಬೆರೆಸಿ ಹಿಟ್ಟಿನ ತುಂಬೆಲ್ಲ ಹರಡುತ್ತದೆ. ಚಮಚದಲ್ಲಿ ಸುರಿದ ಎಣ್ಣೆ ಇಷ್ಟು ಅಚ್ಚುಕಟ್ಟಾಗಿ ಹರಡುವುದಿಲ್ಲ. ಒಟ್ಟು 250 ಕ್ಯಾಲೊರಿ. ಬಿಳಿಯ ಕೇಕಿಗಿಂತ 45ರಷ್ಟು ಹೆಚ್ಚು, ಮಾಮೂಲಿ ಮಗ್ ಕೇಕಿಗಿಂತ 150ರಷ್ಟು ಕಡಿಮೆ. ಆ 45 ಕ್ಯಾಲೊರಿಗೆ ಇಷ್ಟು ವ್ಯತ್ಯಾಸ ಸಿಗುವುದಾದರೆ ನಾನು ಚೌಕಾಸಿ ಮಾಡುವುದಿಲ್ಲ. ಮಿಕ್ಕ ಬಿಳಿಯನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮರುದಿನದ ಆಮ್ಲೆಟ್ಟಿಗೆ ಸೇರುತ್ತದೆ. ಅದಕ್ಕೆ ಒಪ್ಪುವ ಜಾಗ ಅದೇ.

ಮೊಟ್ಟೆ ತಿನ್ನದವರ ಕೇಕ್ ಹಿಂದೆ ಬಿದ್ದಿಲ್ಲ. ಮೂರು ದೊಡ್ಡ ಚಮಚ ಮೊಸರು, ಒಂದು ಚಮಚ ಹಾಲು, ಒಂದು ಸಣ್ಣ ಚಮಚ ಎಣ್ಣೆ, ಬೇಕಿಂಗ್ ಪೌಡರ್ ಬದಲು ಸಣ್ಣ ಚಮಚದ ಎಂಟನೇ ಒಂದು ಭಾಗ ಅಡುಗೆ ಸೋಡಾ. ಇದೂ 245ರ ಸುಮಾರಿಗೆ ಬರುತ್ತದೆ. ಮೊಸರಿನ ಹುಳಿ ಸೋಡಾಕ್ಕೆ ತಗುಲಿದ ಕ್ಷಣದಿಂದಲೇ ಗುಳ್ಳೆ ಏಳಲು ಶುರು, ಆದ್ದರಿಂದ ಕಲಸಿದ ಮೇಲೆ ತಡಮಾಡುವಂತಿಲ್ಲ. ಬೇಕಿಂಗ್ ಪೌಡರ್ ಆದರೆ ಬಿಸಿ ತಾಗಿದಾಗ ಇನ್ನೊಮ್ಮೆ ಉಬ್ಬಿಸುತ್ತದೆ, ಸೋಡಾಕ್ಕೆ ಆ ತಾಳ್ಮೆಯಿಲ್ಲ. ಸೋಡಾ ಒಂದು ಚಿಟಿಕೆ ಹೆಚ್ಚಾದರೂ ಸೋಪಿನ ರುಚಿ ನಾಲಿಗೆಗೆ ಹತ್ತುತ್ತದೆ. ಕೇಕ್ ಮಾತ್ರ ಬಲು ಮೃದು, ತೇವವಾದದ್ದು, ಆರಿದ ಮೇಲೂ ಉಳಿದೆಲ್ಲವುಗಳಿಗಿಂತ ಹೆಚ್ಚು ಹೊತ್ತು ಮೆತ್ತಗಿರುತ್ತದೆ. ನೊರೆಯ ಸ್ಪಾಂಜ್‌ನ ಆ ಪುಟಿತ ಇಲ್ಲ, ಸಣ್ಣ ಹುಳಿ ಇದೆ. ನಿಂಬೆ ಸಿಪ್ಪೆಯ ತುರಿ ಹಾಕಿದರೆ ಆ ಹುಳಿಯೇ ಗುಣವಾಗುತ್ತದೆ.

ಮೈದಾ ಬದಲು ಪುಡಿ ಮಾಡಿದ ಓಟ್ಸ್, ಸಕ್ಕರೆ ಬದಲು ಬಾಳೆಹಣ್ಣು ಹಾಕುವ ಬಗೆಯನ್ನೂ ನೋಡಿದೆ. ಹೊಟ್ಟೆ ತುಂಬುತ್ತದೆ, ರುಚಿಯಾಗಿಯೂ ಇದೆ. ಸ್ಪಾಂಜ್ ಎನ್ನುವುದು ಬೇಡ, ಪುಡ್ಡಿಂಗ್ ಎನ್ನಿ. ಕ್ಯಾಲೊರಿಯೂ ಅಂಥದ್ದೇನೂ ಇಳಿಯುವುದಿಲ್ಲ, ಏಕೆಂದರೆ ಓಟ್ಸ್ ಮತ್ತು ಮೈದಾ ಗ್ರಾಂ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ಸಕ್ಕರೆಯನ್ನು ಪೂರ್ತಿ ಬಿಟ್ಟು ಕೃತಕ ಸಿಹಿ ಹಾಕುವವರಿಗೆ ಒಂದು ಮಾತು: ಸಕ್ಕರೆ ಬರೀ ಸಿಹಿಗಲ್ಲ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಟ್ಟೆ ಮತ್ತು ಪಿಷ್ಟ ಬೇಗ ಬಿಗಿಯಾಗದಂತೆ ತಡೆಯುತ್ತದೆ. 15 ಗ್ರಾಂವರೆಗೆ ಇಳಿಸಿದರೆ ತೊಂದರೆ ಕಾಣಲಿಲ್ಲ, 10ಕ್ಕಿಂತ ಕೆಳಗೆ ಹೋದಾಗ ಕೇಕ್ ಬಿರುಸಾಯಿತು.

ಇನ್ನು ಬೇಯಿಸುವ ರೀತಿ. ಪೂರ್ಣ ಶಕ್ತಿಯಲ್ಲಿ 55 ಸೆಕೆಂಡು, 70 ಶೇಕಡ ಶಕ್ತಿಯಲ್ಲಿ 80 ಸೆಕೆಂಡು, ಇವೆರಡನ್ನೂ ಹಳದಿಯ ಕೇಕಿನ ಮೇಲೆ ಪ್ರಯೋಗಿಸಿದೆ. ಪೂರ್ಣ ಶಕ್ತಿಯದು ನಡುವೆ ಗೋಪುರದ ಹಾಗೆ ಎದ್ದು, ಅಂಚು ಬಿಗಿದು, ತಳದಲ್ಲಿ ಒಂದು ಗಟ್ಟಿ ಪದರ ಬಿಟ್ಟಿತು. ನಿಧಾನದ್ದು ಒಂದೇ ಮಟ್ಟಕ್ಕೆ ಏರಿ, ಮೇಲಿನಿಂದ ತಳದವರೆಗೆ ಒಂದೇ ಹದದಲ್ಲಿತ್ತು. ಬಹುತೇಕ ಮೈಕ್ರೋವೇವ್‌ಗಳಲ್ಲಿ 70 ಶೇಕಡ ಎಂದರೆ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಆಗಾಗ ಆರಿ ಹೊತ್ತಿ ಕೆಲಸ ಮಾಡುವುದು ಎಂದಷ್ಟೇ ಅರ್ಥ. ಆರಿದ ಹೊತ್ತಿನಲ್ಲಿ ಬಿಸಿ ಒಳಗೊಳಗೇ ಹರಡಿಕೊಳ್ಳುತ್ತದೆ. ಪದಾರ್ಥ ಯಾವುದೇ ಇರಲಿ, ಈ ಒಂದು ಬದಲಾವಣೆ ಎಲ್ಲ ಕೇಕ್‌ಗಳನ್ನೂ ಒಂದು ದರ್ಜೆ ಮೇಲೇರಿಸಿತು, ಬಿಳಿಯದನ್ನು ಬಿಟ್ಟು. 1000 ವಾಟ್‌ನ ಒಲೆಯಾದರೆ ಹದಿನೈದು ಸೆಕೆಂಡು ಕಡಿಮೆ ಮಾಡಿ ಶುರು ಮಾಡಿ.

ಮೇಲ್ಭಾಗದ ನಡುವೆ ನಾಣ್ಯದಷ್ಟು ಜಾಗ ಇನ್ನೂ ಹಸಿಯಾಗಿ ಹೊಳೆಯುತ್ತಿರುವಾಗಲೇ ನಿಲ್ಲಿಸಬೇಕು. ಒಂದೂವರೆ ನಿಮಿಷ ಹಾಗೆಯೇ ಬಿಟ್ಟರೆ ಒಳಗಿನ ಬಿಸಿಯೇ ಅದನ್ನು ಬೇಯಿಸುತ್ತದೆ. ಕಂದು ಬಣ್ಣಕ್ಕಾಗಿ ಕಾಯಬೇಡಿ, ಬರುವುದಿಲ್ಲ. ಕಂದಾಗಲು 140 ಡಿಗ್ರಿಯ ಆಸುಪಾಸು ಬೇಕು, ನೀರಿರುವ ಹಿಟ್ಟು ನೂರರ ಆಚೆ ಹೋಗುವುದು ಕಷ್ಟ, ಸುತ್ತಲಿನ ಗಾಳಿಯಂತೂ ತಣ್ಣಗೇ ಇರುತ್ತದೆ. ಹಿಟ್ಟು ಮಗ್‌ನ ಅರ್ಧಕ್ಕಿಂತ ಮೇಲಿರಬಾರದು. ಚಿನ್ನದ ಅಥವಾ ಬೆಳ್ಳಿಯ ಗೆರೆಯಿರುವ ಮಗ್ ಬೇಡವೇ ಬೇಡ, ಕಿಡಿ ಹಾರುತ್ತದೆ. ತಿರುಗುವ ತಟ್ಟೆಯ ನಡುವಿಗಿಂತ ಅಂಚಿನ ಬಳಿ ಇಟ್ಟರೆ ಸಮವಾಗಿ ಬೇಯುತ್ತದೆ.

ನಾನು ವಾರದ ದಿನಗಳಲ್ಲಿ ಮಾಡಿಕೊಳ್ಳುವುದು ಹಳದಿಯದನ್ನು. ಯಾರಿಗಾದರೂ ಕೊಡುವುದಿದ್ದರೆ, ಪಾತ್ರೆ ತೊಳೆಯುವವರು ಬೇರೆಯವರಾಗಿದ್ದರೆ, ನೊರೆಯ ಸ್ಪಾಂಜ್. ಮಾಡಿಟ್ಟು ಅರ್ಧ ಗಂಟೆ ಬಿಟ್ಟು ತಿನ್ನುವವರಿಗೆ ಮೊಸರಿನದು, ಅವರು ಮೊಟ್ಟೆ ತಿನ್ನುವವರಾದರೂ ಸರಿ. ಕೋಕೋ ಬೇಕೆನ್ನುವವರು ಒಂದು ದೊಡ್ಡ ಚಮಚ ಮೈದಾ ತೆಗೆದು ಅಷ್ಟೇ ಕೋಕೋ ಹಾಕಿ, ಹಾಲನ್ನು ಒಂದು ಸಣ್ಣ ಚಮಚ ಹೆಚ್ಚಿಸಬೇಕು. ಕೋಕೋ ಮೈದಾಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ.