ನೀರು ತುಂಬಿದ ತೊಟ್ಟಿ, ಅರೆ ಒಣ ತೊಟ್ಟಿ, ಪೆಟ್ಟಿಗೆ: ಕಪ್ಪೆಗೆ ಯಾವುದು ಹಿತ?

ಸಾಕಿದ ಕಪ್ಪೆಗೆ ಎಂಥ ಮನೆ ಬೇಕು ಅಂತ ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಮಾತು. ಅದಕ್ಕೇ ಒಂದೇ ಬ್ಯಾಚಿನ ಬುಲ್‌ಫ್ರಾಗ್ (ದೊಡ್ಡದಾಗಿ ಬೆಳೆಯುವ ಒಂದು ಜಾತಿಯ ಕಪ್ಪೆ) ಮರಿಗಳನ್ನು, ಬಾಲ ಕರಗಿದ ಮೇಲೆ, ಮೂರು ಪಾಲು ಮಾಡಿ ಮೂರು ಬಗೆಯ ಮನೆಗೆ ಬಿಟ್ಟೆ. ಮೇವು ಒಂದೇ, ಹಾಕುವ ಹೊತ್ತೂ ಒಂದೇ. ನಾಲ್ಕು ತಿಂಗಳು ನೋಡಿದೆ.

ಮೊದಲನೆಯದು ನೀರು ತುಂಬಿದ ತೊಟ್ಟಿ. ತುಂಬಿದ್ದು ಅಂದರೆ ಬಾವಿಯಷ್ಟಲ್ಲ. ಕಾಲು ನೆಲಕ್ಕೆ ತಾಗಬೇಕು, ಮೂಗು ಮೇಲಿರಬೇಕು, ಅಷ್ಟೇ ನೀರು. ಕಪ್ಪೆ ಬೆಳೆದಂತೆ ನೀರನ್ನೂ ಏರಿಸುತ್ತಾ ಹೋಗಬೇಕು. ಇದರ ದೊಡ್ಡ ಲಾಭ ಮೇವಿನ ವಿಷಯದಲ್ಲಿ. ಅಲುಗಾಡದ್ದನ್ನು ಕಪ್ಪೆ ತಿಂಡಿ ಅಂತಲೇ ಗುರುತಿಸುವುದಿಲ್ಲ. ಪೆಲೆಟ್, ಅಂದರೆ ಮೇವಿನ ಒಣ ಗುಳಿಗೆ, ಮೂಗಿನ ಮುಂದೆ ಬಿದ್ದಿದ್ದರೂ ಸುಮ್ನೆ ಕೂತಿರುತ್ತದೆ. ಇಲ್ಲಿ ಒಂದು ನೆಗೆದರೆ ನೀರು ಅಲುಗುತ್ತದೆ, ತೇಲುವ ಪೆಲೆಟ್ ಜಾರುತ್ತದೆ, ಪಕ್ಕದ್ದು ಗಬಕ್ಕನೆ ನುಂಗುತ್ತದೆ. ಅದರ ನೆಗೆತಕ್ಕೆ ಮತ್ತೊಂದು ಎಚ್ಚರವಾಗುತ್ತದೆ. ಎರಡು ನಿಮಿಷ ತೊಟ್ಟಿಯಲ್ಲಿ ದಪ್ಪ ಹನಿಯ ಮಳೆ ಬಿದ್ದಂಥ ಸದ್ದು.

ಸರಾಸರಿ ತೂಕದಲ್ಲಿ ಇದೇ ಮುಂದಿತ್ತು. ನಾನೂ ಹಿಗ್ಗಿದ್ದೆ, ತಲೆ ಎಣಿಸುವವರೆಗೆ! ಸತ್ತು ತೇಲಿದ್ದಕ್ಕಿಂತ ಜಾಸ್ತಿ ಕಪ್ಪೆ ಲೆಕ್ಕಕ್ಕೇ ಸಿಗಲಿಲ್ಲ. ದೊಡ್ಡವು ಸಣ್ಣವನ್ನು ನುಂಗಿದ್ದವು. ಸಣ್ಣವು ಮಾಯವಾದರೆ ಸರಾಸರಿ ತಾನಾಗಿಯೇ ಏರುತ್ತದೆ, ಅಲ್ವಾ? ಗಾತ್ರ ನೋಡಿ ವಾರಕ್ಕೊಮ್ಮೆ ಬೇರ್ಪಡಿಸಬೇಕಿತ್ತು. ನಾನು ಸೋಮಾರಿತನ ಮಾಡಿದ್ದೆ.

ಇನ್ನೊಂದು ತೊಂದರೆ ಕೊಳಕಿನದು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಕೆಳಹೊಟ್ಟೆಯ ಚರ್ಮದಿಂದ ಹೀರಿಕೊಳ್ಳುತ್ತದೆ. ಹೇಲು, ಕೊಳೆತ ಮೇವು ಇರುವ ನೀರಲ್ಲೇ ದಿನವಿಡೀ ಕೂತರೆ ಕುಡಿಯುವುದೂ ಅದನ್ನೇ. ಒಮ್ಮೆ ಪಂಪ್ ಕೆಟ್ಟು ಎರಡು ದಿನ ನೀರು ಬದಲಿಸಲಾಗಲಿಲ್ಲ. ಅದೇ ವಾರ ಕೆಲವದರ ತೊಡೆಯ ಒಳಗೆ ಕೆಂಪು ಮಚ್ಚೆ. ಕೆಂಪು ಕಾಲು ರೋಗ. ಇದರಲ್ಲಿ ಏರೋಮೊನಾಸ್ ಬ್ಯಾಕ್ಟೀರಿಯಾದ ಕೈವಾಡ ಇರುತ್ತದೆ, ಆದರೆ ಅದಕ್ಕೆ ಬಾಗಿಲು ತೆಗೆಯುವುದು ನಮ್ಮ ಕೊಳೆ ನೀರು.

ಅರೆ ಒಣ ತೊಟ್ಟಿಯಲ್ಲಿ ಒಂದು ಕಡೆ ಒಣ ನೆಲ, ಇನ್ನೊಂದು ಕಡೆ ಸಣ್ಣ ಹೊಂಡ, ನಡುವೆ ಇಳಿಜಾರು. ಒಣ ಜಾಗದಲ್ಲಿ ಅಡಗಲು ಹಲಗೆಯ ಗೂಡು. ಮೇವು ತಟ್ಟೆಯಲ್ಲಿ. ಮೊದಲ ವಾರಗಳಲ್ಲಿ ಇವು ಸರಿಯಾಗಿ ತಿನ್ನಲೇ ಇಲ್ಲ. ಪೆಲೆಟ್ ಜೊತೆ ನೊಣದ ಹುಳು ಬೆರೆಸಿದೆ. ಹುಳು ಹೊರಳಿದಂತೆ ಪೆಲೆಟ್ಟೂ ಮಿಸುಕಾಡಿತು, ಕಪ್ಪೆ ಮೋಸಹೋಯಿತು. ಆಮೇಲೆ ಹುಳು ಕಡಿಮೆ ಮಾಡುತ್ತಾ ಬಂದೆ.

ಇಲ್ಲೂ ಒಂದು ತಪ್ಪು ಮಾಡಿದೆ. ಸಿಮೆಂಟ್ ನೆಲ ಒರಟಾಗಿತ್ತು. ಒಂದನ್ನು ಎತ್ತಿ ಮಗುಚಿ ನೋಡಿದರೆ ಹೊಟ್ಟೆಯ ಬಿಳಿ ಚರ್ಮದ ಮೇಲೆ ಗೀರು, ಅಂಗಾಲು ತರಚಿದೆ. ನೆಲ ನಯ ಮಾಡಿಸಿ, ಚೆನ್ನಾಗಿ ತೊಳೆದು ಒಣಗಿಸಿ ಮತ್ತೆ ಬಿಟ್ಟೆ, ಗಾಯ ನಿಂತಿತು. ತೂಕ ನೀರಿನ ತೊಟ್ಟಿಯದಕ್ಕಿಂತ ಸ್ವಲ್ಪ ಕಡಿಮೆ. ಆದರೆ ಬಿಟ್ಟವುಗಳಲ್ಲಿ ಹೆಚ್ಚಿನವು ಉಳಿದವು, ಗಾತ್ರವೂ ಹೆಚ್ಚುಕಡಿಮೆ ಸಮ. ಬೇಕಾದಾಗ ನೀರು, ಬೇಡವಾದಾಗ ನೆಲ ಅಂತ ಕಪ್ಪೆಯೇ ಆರಿಸಿಕೊಳ್ಳಬಹುದು. ನನ್ನ ಮತ ಇದಕ್ಕೇ.

ಒಂದರ ಮೇಲೊಂದು ಜೋಡಿಸುವ ಪ್ಲಾಸ್ಟಿಕ್ ಪೆಟ್ಟಿಗೆ ಜಾಗ ಉಳಿಸುತ್ತದೆ, ತೊಳೆಯಲೂ ಸುಲಭ. ಆದರೆ ಮುಚ್ಚಳ ತೆಗೆದಾಗಲೆಲ್ಲ ಬೆದರಿ ಹಾರಿ ಗೋಡೆಗೆ ಬಡಿದುಕೊಳ್ಳುತ್ತವೆ. ತಿಂಗಳಲ್ಲೇ ಹಲವದರ ಮೂತಿ ಕಿತ್ತು ಕೆಂಪಾಗಿತ್ತು. ಬೆಳವಣಿಗೆಯೂ ಹಿಂದೆ. ಕಾಯಿಲೆಯವನ್ನು ಬೇರೆ ಇಡಲು ಮಾತ್ರ ಇದು ಸರಿ.

ಮನೆ ಯಾವುದೇ ಇರಲಿ, ಮೇಲೆ ಬಲೆ ಬೇಕೇ ಬೇಕು. ಬುಲ್‌ಫ್ರಾಗ್ ತನ್ನದಲ್ಲದ ಹಳ್ಳಕೊಳ್ಳ ಸೇರಿದರೆ ಅಲ್ಲಿನ ಕಪ್ಪೆಗಳನ್ನೇ ತಿಂದು ಹಬ್ಬುತ್ತದೆ.

ಮುಂದಿನ ಬ್ಯಾಚನ್ನು ಪೆಲೆಟ್ ರೂಢಿಯಾಗುವ ತನಕ ನೀರಿನ ತೊಟ್ಟಿಯಲ್ಲಿಟ್ಟು, ಆಮೇಲೆ ಅರೆ ಒಣ ತೊಟ್ಟಿಗೆ ದಾಟಿಸುತ್ತೇನೆ. ಗಾತ್ರ ಬೇರ್ಪಡಿಸಲು ಬೇರೆ ಬೇರೆ ತೂತಿನ ಎರಡು ಜರಡಿ ಈಗಲೇ ಮಾಡಿಟ್ಟಿದ್ದೇನೆ.