ಕೋಲಾರದ ಟೊಮೆಟೊ ಲೆಕ್ಕಕ್ಕೆ ಗ್ರೆಟ್ಲ್ ಸಾಕೇ?

ಸಾಕು, ಟೊಮೆಟೊದ ಬೆಲೆ ಮತ್ತು ಆವಕದ (ಮಾರುಕಟ್ಟೆಗೆ ಬಂದ ಮಾಲಿನ) ನಂಟನ್ನು ಅಳೆಯುವ ಆನರ್ಸ್ ಪ್ರಬಂಧಕ್ಕೆ ಸಾಕಾಗಿ ಮಿಗುತ್ತದೆ. ಗ್ರೆಟ್ಲ್ ಅರ್ಥಶಾಸ್ತ್ರದ ಅಂಕಿಅಂಶ ಲೆಕ್ಕಕ್ಕಿರುವ ತಂತ್ರಾಂಶ. ಅದು ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ಇದೇ ಬಗೆಯ ತಂತ್ರಾಂಶವಾದ ಸ್ಟೇಟಾಗೆ ದುಡ್ಡಿಲ್ಲ, ಕೋಡ್ ಬರೆದು ಲೆಕ್ಕ ಮಾಡುವ ಆರ್ ಕಲಿಯಲು ಪುರುಸೊತ್ತಿಲ್ಲ ಎನ್ನುವವರು ಮೆನು ಒತ್ತಿಯೇ ರಿಗ್ರೆಷನ್ (ಒಂದು ಅಂಶ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಮುಗಿಸಬಹುದು. ಕೆಲಸ ಕೆಡುವುದು ಹೆಚ್ಚಾಗಿ ಅದಕ್ಕೂ ಮೊದಲೇ, ಎಕ್ಸೆಲ್ ಹಾಳೆಯಲ್ಲಿ.

ಕೋಲಾರ ಎಪಿಎಂಸಿಯಲ್ಲಿ ಹರಾಜು ಕೂಗುವುದು 15 ಕೆ.ಜಿ. ಬಾಕ್ಸ್‌ಗೆ. ಅಗ್‌ಮಾರ್ಕ್‌ನೆಟ್ ಎಂಬ ಸರ್ಕಾರಿ ಮಾರುಕಟ್ಟೆ ದರದ ಜಾಲತಾಣ ಬೆಲೆ ಕೊಡುವುದು ಕ್ವಿಂಟಲ್‌ಗೆ. ಬಾಕ್ಸ್‌ಗೆ 300 ರೂಪಾಯಿ ಎಂದರೆ ಕ್ವಿಂಟಲ್‌ಗೆ 2,000. ಬಿಟ್ಟುಹೋದ ದಿನಗಳನ್ನು ಪತ್ರಿಕೆಯ ಬಾಕ್ಸ್ ದರದಿಂದ ತುಂಬಿ, 100/15ರಿಂದ ಗುಣಿಸುವುದನ್ನು ಮರೆತರೆ ನಕ್ಷೆಯಲ್ಲಿ ಇಲ್ಲದ ಕುಸಿತ ಕಾಣುತ್ತದೆ. ಮಾರುಕಟ್ಟೆಗೆ ರಜೆ ಇದ್ದ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಸರಾಸರಿಯನ್ನು ಕೆಳಗೆಳೆಯುತ್ತದೆ, ಅದಕ್ಕೆ ಲಾಗ್ (ಲಾಗರಿದಮ್) ಕೂಡ ಇಲ್ಲ. ಇನ್ನೂ ಸುಲಭದ ದಾರಿ ವಾರದ ಸರಾಸರಿ. ಸಿಎಸ್‌ವಿ ಕಡತಕ್ಕೆ ಉಳಿಸುವ ಮುನ್ನ ಸಂಖ್ಯೆಯೊಳಗಿನ ಅಲ್ಪವಿರಾಮ ತೆಗೆದು, ಕಂಬಸಾಲುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಜಾಗ ಬಿಡದ ಚಿಕ್ಕ ಹೆಸರಿಡಿ.

ಕಡತ ತೆರೆದೊಡನೆ ಡೇಟಾ ಮೆನುವಿನ ಡೇಟಾಸೆಟ್ ಸ್ಟ್ರಕ್ಚರ್‌ಗೆ ಹೋಗಿ ಟೈಮ್ ಸೀರೀಸ್, ವೀಕ್ಲಿ ಎಂದು ಹೇಳಿ. ಇದನ್ನು ಬಿಟ್ಟರೆ ಹಿಂದಿನ ವಾರದ ಬೆಲೆಯನ್ನು, ಅಂದರೆ ಲ್ಯಾಗ್ ಅನ್ನು ಬಳಸಲಾಗದು. 2023ರ ಜುಲೈನಲ್ಲಿ ಬಾಕ್ಸ್ 2,000 ದಾಟಿತ್ತು. ಅಂಥ ಏರಿಳಿತವಿರುವ ಸರಣಿಗೆ ಲಾಗ್ ತೆಗೆದುಕೊಂಡೇ ಮುಂದುವರಿಯುವುದು ಒಳ್ಳೆಯದು. ಆಮೇಲೆ ಸರಣಿಯಲ್ಲಿ ಯುನಿಟ್ ರೂಟ್, ಅಂದರೆ ಒಮ್ಮೆ ಬಿದ್ದ ಪೆಟ್ಟು ಅಳಿಯದೆ ಉಳಿಯುವ ಗುಣ ಇದೆಯೇ ಎಂದು ಪರೀಕ್ಷಿಸಬೇಕು. ಯುನಿಟ್ ರೂಟ್ ಇದೆ ಎಂದು ಹೊರಡುವುದು ಎಡಿಎಫ್ ಪರೀಕ್ಷೆ, ಇಲ್ಲ ಎಂದು ಹೊರಡುವುದು ಕೆಪಿಎಸ್‌ಎಸ್. ಪಿ-ಮೌಲ್ಯ ಚಿಕ್ಕದಾದಷ್ಟೂ ಹೊರಟ ಊಹೆ ನಿಲ್ಲುವುದು ಕಷ್ಟ. ಹಾಗಾಗಿ ಎರಡರ ಪಿ-ಮೌಲ್ಯವನ್ನೂ ಒಂದೇ ಥರ ಓದಿದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ.

ಗ್ರೆಟ್ಲ್‌ನ ಮೇಲೆ ನನ್ನ ದೂರು ಒಂದೇ: ಇಲ್ಲಿ ತಪ್ಪು ಮಾಡುವುದೂ ಅಷ್ಟೇ ಸಲೀಸು. ಬೆಲೆ ಒಂದು ಕಡೆ, ಆವಕ ಇನ್ನೊಂದು ಕಡೆ ಇಟ್ಟು ಓಕೆ ಒತ್ತಿದರೆ ನಕ್ಷತ್ರ ಹೊತ್ತ, ಅಂದರೆ ಆಕಸ್ಮಿಕವಲ್ಲ ಎಂಬ ಗುರುತಿರುವ ಗುಣಾಂಕ ಬಂದೇಬರುತ್ತದೆ. ಆದರೆ ಅದು ಬೇಡಿಕೆಯ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಅಲ್ಲ. ಆವಕ ಹೆಚ್ಚಿದರೆ ಬೆಲೆ ಬೀಳುತ್ತದೆ, ಸರಿ. ಬೆಲೆ ಬಿದ್ದರೆ ಕೂಲಿ ಗಿಟ್ಟದ ರೈತ ಹಣ್ಣನ್ನು ಗಿಡದಲ್ಲೇ ಬಿಡುತ್ತಾನೆ, ಆವಕವೂ ಇಳಿಯುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಆ ಗುಣಾಂಕ ಬಿಡಿಸಿ ಹೇಳದು. ಟೊಮೆಟೊ ನಾಟಿಯಿಂದ ಮೊದಲ ಕೊಯ್ಲಿಗೆ ಸುಮಾರು ಎರಡು ತಿಂಗಳಿಗೂ ಹೆಚ್ಚು ಬೇಕು. ಹಾಗಾಗಿ ನಾಟಿ ವೇಳೆಯ ಮಳೆಯನ್ನು ಸಾಧನ ಚಲಕವಾಗಿಟ್ಟು, ಅಂದರೆ ಅದು ಆವಕದ ಮೂಲಕವೇ ಹೊರತು ನೇರವಾಗಿ ಇಂದಿನ ಬೆಲೆಯನ್ನು ತಟ್ಟುವುದಿಲ್ಲ ಎಂದುಕೊಂಡು, ಟೂ-ಸ್ಟೇಜ್ ಲೀಸ್ಟ್ ಸ್ಕ್ವೇರ್ಸ್ (ಎರಡು ಹಂತದ ರಿಗ್ರೆಷನ್) ಪ್ರಯತ್ನಿಸಬಹುದು. ಫಲಿತಾಂಶದ ಕೆಳಗಿನ ಮೊದಲ ಹಂತದ ಎಫ್, ಅಂದರೆ ಮಳೆಗೂ ಆವಕಕ್ಕೂ ಇರುವ ನಂಟಿನ ಬಲ ತೋರಿಸುವ ಸಂಖ್ಯೆ, 10ಕ್ಕಿಂತ ಕಡಿಮೆಯಿದ್ದರೆ ಆ ಸಾಧನ ದುರ್ಬಲ, ನೆಚ್ಚಿಕೊಳ್ಳಬೇಡಿ. ಕೊಳವೆಬಾವಿಯ ಮೇಲೆ ನಿಂತ ಕೋಲಾರದ ಬೇಸಾಯದಲ್ಲಿ ಹಾಗಾಗುವ ಸಂಭವ ಹೆಚ್ಚು.

ಬೆಲೆಯ ಏರಿಳಿತ ಎಲ್ಲ ವಾರವೂ ಒಂದೇ ಸಮ ಇರದಿದ್ದರೂ ಗುಣಾಂಕದ ದೋಷದ ಅಂದಾಜು ಕೆಡದಂತೆ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ಸ್ ಪೆಟ್ಟಿಗೆಗೆ ಗುರುತು ಹಾಕಿ. ಟೂಲ್ಸ್ ಮೆನುವಿನ ಕಮಾಂಡ್ ಲಾಗ್ ಅನ್ನು, ಅಂದರೆ ನೀವು ಮಾಡಿದ ಕೆಲಸಗಳ ಆಜ್ಞೆಗಳ ಪಟ್ಟಿಯನ್ನು, ಪ್ರತಿದಿನ ಉಳಿಸಿ. ಮಾರ್ಗದರ್ಶಕರು 2023ರ ಆ ಜುಲೈ ತಿಂಗಳನ್ನು ಬಿಟ್ಟು ಮತ್ತೆ ಮಾಡಿ ಎಂದಾಗ ಮೊದಲಿನಿಂದ ಮೆನು ಒತ್ತುತ್ತಾ ಕೂರಬೇಕಾಗುವುದಿಲ್ಲ.